ಇರುವೆ, ಕಾಗೆ, ಯಾರೂ ಇಲ್ಲದ ಕಡೆಯ ಮಳೆ

ಇರುವೆಯ ಹತ್ತಿರ ಹೋಗಿ ಕಲಿ ಎನ್ನುತ್ತದೆ ಜ್ಞಾನೋಕ್ತಿಗಳ ಪುಸ್ತಕ. ಕಾಗೆಗಳನ್ನು ಗಮನಿಸಿ ಎನ್ನುತ್ತಾರೆ ಲೂಕನ ಸುವಾರ್ತೆಯ ಯೇಸು. ಇರುವೆ ಸುಗ್ಗಿಯಲ್ಲಿ ಕೂಡಿಡುತ್ತದೆ. ಕಾಗೆಗೆ ಬಿತ್ತನೆಯಿಲ್ಲ, ಕೊಯ್ಲಿಲ್ಲ, ಕಣಜವಿಲ್ಲ. ಎರಡನ್ನೂ ವಿಧೇಯನಾಗಿ ನೋಡಿ ಮನೆಗೆ ಬಂದ ಮನುಷ್ಯ ಏನು ಮಾಡಬೇಕು? ಕೂಡಿಡಬೇಕೋ, ಬಿಡಬೇಕೋ?

ನಮ್ಮ ಸಂಡೇ ಸ್ಕೂಲಿನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಇರುವೆಯ ವಚನವನ್ನು ಸಣ್ಣ ಮಕ್ಕಳಿಗೆ ಬಾಯಿಪಾಠಕ್ಕೆ ಕೊಡುತ್ತಿದ್ದರು, ಕಾಗೆಯದನ್ನು ದೊಡ್ಡವರಿಗೆ ಪ್ರಸಂಗದಲ್ಲಿ ಹೇಳುತ್ತಿದ್ದರು. ಹೀಗಾಗಿ ಎರಡೂ ಎಂದೂ ಎದುರುಬದುರಾಗಲಿಲ್ಲ. ಬೆಳಿಗ್ಗೆ ತಡವಾಗಿ ಏಳುತ್ತಿದ್ದ ನನಗೆ ಇರುವೆಯೆಂದರೆ ಯಾರೋ ನನ್ನ ಮೇಲೆ ಛೂ ಬಿಟ್ಟ ಪ್ರಾಣಿ ಅನ್ನಿಸುತ್ತಿತ್ತು. ಆ ವಚನದಲ್ಲಿ ಒಂದು ನಿಜವಾದ ಇರುವೆ ಇದೆ ಎಂದು ತೋರಿಸಿಕೊಟ್ಟವರು ನಮ್ಮ ದೊಡ್ಡಪ್ಪ. ಅವರದು ಧಾರವಾಡದ ಕಡೆಯ ಎರೆಹೊಲ. ಮಳೆ ನಿಂತು ಬಿಸಿಲು ಬಿದ್ದ ದಿನ ಬದುವಿನ ಮೇಲೆ ಕೂತು ಕರೆದರು. ಇರುವೆಗೂಡಿನ ಬಾಯಿಯ ಸುತ್ತ ಹುಲ್ಲಿನ ಬೀಜಗಳು ಉಂಗುರದಂತೆ ಹರಡಿದ್ದವು. “ಅವೂ ಕಾಳು ಒಣಗಸಾಕ ಹಾಕ್ಯಾವ ನೋಡಪಾ” ಎಂದರು. ಮನೆಯ ಅಂಗಳದಲ್ಲಿ ದೊಡ್ಡಮ್ಮ ಅದೇ ಹೊತ್ತಿಗೆ ತೊಗರಿ ಹರವಿದ್ದರು.

ತಮಾಷೆಯೆಂದರೆ, ಯುರೋಪಿನ ಕೆಲವು ಪ್ರಕೃತಿಶಾಸ್ತ್ರಜ್ಞರು ಈ ವಚನವನ್ನು ಬಹಳ ಕಾಲ ನಂಬಿರಲಿಲ್ಲ. ಅವರ ತಣ್ಣನೆಯ ದೇಶಗಳ ಇರುವೆಗಳು ಕಾಳು ಕೂಡಿಡುವುದಿಲ್ಲ. ಚಳಿಗಾಲದಲ್ಲಿ ಮರಗಟ್ಟಿ ಮಲಗುತ್ತವೆ. ಗೂಡಿನೊಳಗಿನ ಬಿಳಿಯ ಗೂಡುಹುಳುಗಳನ್ನು ಕಂಡು ಹಳಬರು ಗೋಧಿಕಾಳೆಂದು ಮೋಸಹೋಗಿರಬೇಕು ಎಂದು ತೀರ್ಮಾನಿಸಿದರು. ಪುಣೆಯಲ್ಲಿದ್ದ ಸೈಕ್ಸ್ ಎಂಬ ಸೇನಾಧಿಕಾರಿ ಮಳೆಯ ಬಳಿಕ ಬೀಜಗಳನ್ನು ಹೊರತಂದು ಒಣಗಿಸುವ ಇರುವೆಗಳನ್ನು ಕಂಡು 1830ರ ದಶಕದಲ್ಲಿ ಬರೆದ. ಮೆಡಿಟರೇನಿಯನ್ ತೀರದಲ್ಲಿ ಗೂಡುಗಳನ್ನು ಅಗೆದು ನೋಡಿದ ಮಾಗ್ರಿಜ್ ಎಂಬವನು 1873ರಲ್ಲಿ ಪುಸ್ತಕವನ್ನೇ ತಂದ. ಜ್ಞಾನೋಕ್ತಿ ಬರೆದವನು ಮೋಸಹೋಗಿರಲಿಲ್ಲ. ಅವನು ತನ್ನೂರಿನ ಇರುವೆಯನ್ನು ಕುಕ್ಕರಗಾಲಲ್ಲಿ ಕೂತು ನೋಡಿದ್ದ. ಅದಕ್ಕೆ ನಾಯಕನಿಲ್ಲ, ಮೇಲ್ವಿಚಾರಕನಿಲ್ಲ, ಒಡೆಯನಿಲ್ಲ ಎಂಬ ಮಾತೂ ಸರಿಯೇ. ರಾಣಿ ಇರುವೆ ಮೊಟ್ಟೆ ಇಡುತ್ತದೆಯೇ ಹೊರತು ಅಪ್ಪಣೆ ಕೊಡುವುದಿಲ್ಲ. ಒಬ್ಬ ರಾಜನ ಹೆಸರು ಹೊತ್ತ ಪುಸ್ತಕದಲ್ಲಿ ರಾಜನಿಲ್ಲದ ಪ್ರಾಣಿಗೆ ಗುರುಪೀಠ ಸಿಕ್ಕಿದೆ. ಇದನ್ನು ಓದುವಾಗ ಸೊಲೊಮೋನನ ಆಸ್ಥಾನದಲ್ಲಿ ಯಾರಾದರೂ ಮುಸಿಮುಸಿ ನಕ್ಕಿರಬಹುದೇ ಎಂದು ನನಗೆ ಅನುಮಾನ.

ಇನ್ನೊಂದು ಸಂಗತಿ. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ ಯೆಹೂದ್ಯರ ಮಿಷ್ನಾದಲ್ಲಿ, ಹೊಲದ ಮೂಲೆಯ ಬೆಳೆ ಬಡವರಿಗೆ ಬಿಡುವ ಕಟ್ಟಳೆಗಳ ನಡುವೆ, ಇರುವೆಗೂಡಿನ ಕಾಳು ಯಾರದು ಎಂಬ ಚರ್ಚೆ ಇದೆ. ಕೊಯ್ಯದ ಪೈರಿನ ನಡುವಿನ ಗೂಡಾದರೆ ಅದು ಹೊಲದವನದು. ಕೊಯ್ದು ಮುಂದೆ ಹೋದವರ ಹಿಂದಿನ ಗೂಡಾದರೆ ಮೇಲಿನ ಕಾಳು ಬಡವರದು, ಕೆಳಗಿನದು ಒಡೆಯನದು. ಒಬ್ಬ ರಬ್ಬಿ ಮಾತ್ರ, ಅನುಮಾನವಿದ್ದರೆ ಎಲ್ಲವೂ ಬಡವರದ್ದೇ ಎಂದ. ನಮ್ಮ ಪ್ರಸಂಗಗಳಲ್ಲಿ ಇರುವೆ ಸೋಮಾರಿಗೆ ಬುದ್ಧಿ ಹೇಳಿ ಮುಗಿಸುತ್ತದೆ. ಆ ರಬ್ಬಿಗಳು ಗೂಡನ್ನು ಅಗೆದು, ಕಾಳು ಎಣಿಸಿ, ಹಸಿದವರ ಪಾಲು ಎಷ್ಟು ಎಂದು ಕೇಳಿದರು. ಕೂಡಿಡುವುದು ಒಳ್ಳೆಯ ಗುಣವೇ. ಕೂಡಿಟ್ಟದ್ದು ಯಾರ ಹೊಲದ್ದು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ.

ಜ್ಞಾನೋಕ್ತಿಗಳಲ್ಲಿ ಇರುವೆ ಮತ್ತೊಮ್ಮೆ ಬರುವುದು ಮೂವತ್ತನೆಯ ಅಧ್ಯಾಯದಲ್ಲಿ, ಆಗೂರನೆಂಬವನ ಮಾತಿನಲ್ಲಿ. ಈ ಆಗೂರ ನನಗೆ ತುಂಬ ಇಷ್ಟದವನು. ನನ್ನಂಥ ಪಶುಪ್ರಾಯ ಇನ್ನೊಬ್ಬನಿಲ್ಲ, ಮನುಷ್ಯರಿಗಿರುವ ತಿಳಿವಳಿಕೆಯೂ ನನಗಿಲ್ಲ ಎಂದು ಶುರು ಮಾಡುತ್ತಾನೆ. ಆಮೇಲೆ ಬೆರಳು ಮಡಿಚಿ ಎಣಿಸುತ್ತಾನೆ. ಭೂಮಿಯ ಮೇಲೆ ಸಣ್ಣವಾದರೂ ಜಾಣವಾದವು ನಾಲ್ಕು: ಇರುವೆ, ಬಂಡೆಯ ಸಂದಿಯಲ್ಲಿ ಮನೆ ಮಾಡುವ, ಮೊಲದಷ್ಟು ದೊಡ್ಡ, ಬಾಲ ಕಾಣದ ಒಂದು ಪ್ರಾಣಿ, ರಾಜನಿಲ್ಲದೆಯೂ ಸಾಲುಗಟ್ಟಿ ಹೊರಡುವ ಮಿಡತೆ, ಕೈಯಲ್ಲಿ ಹಿಡಿಯಬಹುದಾದರೂ ಅರಮನೆಯೊಳಗೇ ಓಡಾಡಿಕೊಂಡಿರುವ ಹಲ್ಲಿ. ಎರಡನೆಯ ಪ್ರಾಣಿ ನಮ್ಮ ದೇಶದಲ್ಲಿಲ್ಲ. ನೋಡಲು ಹೆಗ್ಗಣದಂತಿದ್ದರೂ ಆನೆಗೆ ದೂರದ ನೆಂಟ. ನಾಲ್ಕನೆಯದು ಹಲ್ಲಿಯೋ ಜೇಡವೋ ಎಂಬ ಬಗ್ಗೆ ಅನುವಾದಕರಲ್ಲಿ ಒಮ್ಮತವಿಲ್ಲ. ನನ್ನ ಮತ ಹಲ್ಲಿಗೆ. ಅರಮನೆಯ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿಯನ್ನು ಯಾವ ದ್ವಾರಪಾಲಕ ತಡೆದಾನು?

ಅದೇ ಆಗೂರ ಸ್ವಲ್ಪ ಮೊದಲೇ ಇನ್ನೊಂದು ಪಟ್ಟಿ ಕೊಟ್ಟಿರುತ್ತಾನೆ. ತನಗೆ ಅರ್ಥವಾಗದ್ದು ನಾಲ್ಕು: ಆಕಾಶದಲ್ಲಿ ಹದ್ದು ಸಾಗುವ ದಾರಿ, ಬಂಡೆಯ ಮೇಲೆ ಹಾವು ಸಾಗುವ ದಾರಿ, ನಡುಗಡಲಲ್ಲಿ ಹಡಗಿನ ದಾರಿ, ಹೆಣ್ಣಿನ ಜತೆ ಗಂಡಿನ ದಾರಿ. ಇಲ್ಲಿ ಪಾಠವೇ ಇಲ್ಲ. ಹದ್ದಿನಂತೆ ಇರು ಎನ್ನುವುದಿಲ್ಲ, ಹಾವಿನಂತೆ ಇರಬೇಡ ಎನ್ನುವುದಿಲ್ಲ. ಬೆರಗಾಗಿ ಸುಮ್ಮನಾಗುತ್ತಾನೆ. ಪ್ರಾಣಿಯಿಂದ ಬುದ್ಧಿ ಕಲಿಯುವುದು ಒಂದು ಕೈಯಲ್ಲಿ, ಪ್ರಾಣಿಯ ಮುಂದೆ ಬುದ್ಧಿ ಕೈಕೊಡುವುದು ಇನ್ನೊಂದು ಕೈಯಲ್ಲಿ. ಬೈಬಲ್ಲಿನ ಜ್ಞಾನಸಾಹಿತ್ಯವನ್ನು ನಾವು ಮೊದಲನೆಯ ಕೈಯಿಂದ ಮಾತ್ರ ಹಿಡಿದಿದ್ದೇವೆ ಎಂಬುದು ನನ್ನ ದೂರು.

ಮುಂದೆ ಹೋಗುವ ಮೊದಲು ಮಳೆಯ ಮಾತು ಆಡಲೇಬೇಕು. ಕನ್ನಡ ಸತ್ಯವೇದ ಬೈಬಲ್ಲಿನ ನಾಡಿನ ಎರಡು ಮಳೆಗಳನ್ನು ಮುಂಗಾರು, ಹಿಂಗಾರು ಎಂದು ಕರೆದಿದೆ. ಇದಕ್ಕಿಂತ ಒಳ್ಳೆಯ ಪದ ಇನ್ನೆಲ್ಲಿ ಸಿಗಬೇಕು? 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ. ಮಳೆಗೆ ಬಾಯಿ ಬಿಡುವ ನೆಲದಲ್ಲಿ ಕನ್ನಡ ಬೈಬಲ್ ಹುಟ್ಟಿತು ಎನ್ನುವುದು ನನಗೆ ಹಿತವಾದ ಸಂಗತಿ. ಆದರೆ ಪದ ಒಂದೇ ಆದರೂ ತಿಂಗಳು ಬೇರೆ. ಪ್ಯಾಲೆಸ್ತೀನಿನ ಮುಂಗಾರು ಬೀಳುವುದು ಅಕ್ಟೋಬರ್, ನವೆಂಬರಿನಲ್ಲಿ, ನಮಗೆ ಚಿತ್ತಿ, ಸ್ವಾತಿ ಮಳೆಯ ಹೊತ್ತಿಗೆ. ಅವರ ಹಿಂಗಾರು ಮಾರ್ಚ್, ಏಪ್ರಿಲಿನಲ್ಲಿ, ನಮ್ಮಲ್ಲಿ ರೇವತಿ, ಅಶ್ವಿನಿಯ ಹನಿ ಬಿದ್ದರೆ ಬಿತ್ತು ಎನ್ನುವ ಕಾಲದಲ್ಲಿ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಆಕಾಶ ಹಂಚಿನಂತೆ ಕಾದಿರುತ್ತದೆ. ಯೆರೂಸಲೇಮಿಗೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಎರೆನೆಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತುವ ವಿಜಯಪುರದ ರೈತನಿಗೆ ಬೈಬಲ್ಲಿನ ಪಂಚಾಂಗ ಅರ್ಥವಾದಷ್ಟು ಮಲೆನಾಡಿನವರಿಗೆ ಆಗಲಾರದು.

ಇದು ಬರೀ ಭೂಗೋಳದ ಮಾತಲ್ಲ, ಅರ್ಥವೇ ತಲೆಕೆಳಗಾಗುತ್ತದೆ. ಮೂಢನಿಗೆ ಮಾನ ಕೊಡುವುದು ಸುಗ್ಗಿಯಲ್ಲಿ ಮಳೆ ಬಂದ ಹಾಗೆ ಎನ್ನುತ್ತದೆ ಒಂದು ಜ್ಞಾನೋಕ್ತಿ. ಅಲ್ಲಿ ಗೋಧಿ ಕೊಯ್ಯುವ ಮೇ, ಜೂನಿನಲ್ಲಿ ಮಳೆಯೆಂಬುದೇ ಇಲ್ಲ. ಬಂದರೆ ಅದು ಲೋಕವಿರುದ್ಧ, ಬೆಳೆಗೆ ಕೇಡು. ಪರಮಗೀತದಲ್ಲಿ ನಲ್ಲ ಕಿಟಕಿಯ ಹೊರಗೆ ನಿಂತು ಮಳೆಗಾಲ ಕಳೆಯಿತು, ಹೊರಗೆ ಬಾ ಎಂದು ಕರೆಯುತ್ತಾನೆ. ನಮ್ಮ ಕಾವ್ಯಗಳಲ್ಲಿ ಮಳೆಗಾಲ ಶುರುವಾದರೆ ವಿರಹ, ಮೋಡ ಕಂಡರೆ ನಲ್ಲನ ನೆನಪು. ಅವರಿಗೆ ಮಳೆ ನಿಂತ ಮೇಲೆ ಪ್ರೇಮ, ಬೆಳವಗಳು ದೂರದೇಶದಿಂದ ಬಂದು ಕೂಗುವ ಹೊತ್ತು. ಜಗಳಗಂಟಿ ಹೆಂಡತಿಯನ್ನು ಮಳೆಯ ದಿನ ಸೋರುವ ಮನೆಗೆ ಹೋಲಿಸಿದ ಜ್ಞಾನೋಕ್ತಿಯನ್ನು ಮಾತ್ರ ನಮ್ಮ ಮೇಲ್ಮುದ್ದೆಯ ಮನೆಗಳಲ್ಲಿ ಬದುಕಿದವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿಯದೂ ಮಣ್ಣಿನ ಮಾಳಿಗೆಯೇ. ಸೋರುವ ಮಾಳಿಗೆಯ ಕೆಳಗೆ ಪಾತ್ರೆ ಇಟ್ಟು ರಾತ್ರಿಯಿಡೀ ಎಚ್ಚರವಿದ್ದವರು ಹೆಚ್ಚಾಗಿ ಹೆಂಗಸರೇ ಎಂಬುದನ್ನು ಆ ವಚನ ಬರೆದ ಗಂಡಸು ಯೋಚಿಸಿದ ಹಾಗಿಲ್ಲ.

ಈಗ ಯೋಬನ ಬಳಿ ಹೋಗೋಣ. ಮಕ್ಕಳು, ದನಕರು, ಮೈಯ ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನು. ಸ್ನೇಹಿತರು ಬಂದರು, ಏಳು ದಿನ ಮಾತಿಲ್ಲದೆ ಜತೆಗೆ ಕೂತರು. ಅಷ್ಟಕ್ಕೇ ಎದ್ದುಹೋಗಿದ್ದರೆ ಸಂತರಾಗುತ್ತಿದ್ದರು; ಬಾಯಿ ಬಿಟ್ಟು ಕೆಟ್ಟರು. ಅವರ ಸಾಂತ್ವನ ಕೇಳಿದ ಯೋಬ ಕೊಟ್ಟ ಹೋಲಿಕೆಯನ್ನು ನೆನೆದರೆ ನನಗೆ ನಮ್ಮ ಕಡೆಯ ಬೆಣ್ಣಿಹಳ್ಳದ ನೆನಪಾಗುತ್ತದೆ. ಮಳೆಗಾಲದಲ್ಲಿ ಊರಿಗೆ ನುಗ್ಗುವ ಹಳ್ಳ, ಬೇಸಿಗೆಯಲ್ಲಿ ದನಕ್ಕೆ ಕುಡಿಯಲೂ ನೀರಿಲ್ಲದ ಹಳ್ಳ. ನನ್ನ ಅಣ್ಣತಮ್ಮಂದಿರು ಇಂಥ ಹಳ್ಳದ ಹಾಗೆ ಎನ್ನುತ್ತಾನೆ ಯೋಬ. ತೇಮದ, ಶೆಬದ ವ್ಯಾಪಾರಿಗಳು ನೀರಿದೆಯೆಂದು ನಂಬಿ ದಾರಿ ಬದಲಿಸಿ ಬರುತ್ತಾರೆ, ಬಂದು ನೋಡಿದರೆ ಮರಳು. ಬೇಡದಾಗ ತುಂಬಿ ಹರಿದು ಬೇಕಾದಾಗ ಬತ್ತುವ ಈ ಗುಣಕ್ಕೆ ಕನ್ನಡದಲ್ಲಿ ಹಳ್ಳ ಎಂಬ ಒಂದೇ ಪದ ಸಾಕು. ನದಿ, ತೊರೆ ಎಂದು ಓದಿದರೆ ಕಹಿಯೆಲ್ಲ ಸೋರಿಹೋಗುತ್ತದೆ. ಸಾವಿನ ಮನೆಗೆ ಹೋಗುವ ಕ್ರೈಸ್ತರು ಅಂಗಳ ಮೆಟ್ಟುವ ಮುಂಚೆ ಈ ಹೋಲಿಕೆಯನ್ನು ಒಮ್ಮೆ ನೆನೆಯಬೇಕು. ಮೊದಲ ಮೂರು ದಿನ ನಮ್ಮ ಪ್ರಾರ್ಥನೆ, ಹಾಡು, ಊಟದ ಡಬ್ಬಿ ಎಲ್ಲ ತುಂಬಿ ಹರಿಯುತ್ತವೆ. ಮೂರನೆಯ ತಿಂಗಳು ಆ ಮನೆಯ ಕಡೆ ತಲೆ ಹಾಕುವವರು ಎಷ್ಟು ಮಂದಿ?

ಇನ್ನೊಂದು ಹೋಲಿಕೆ ಯೋಬನದೇ. ಕಡಿದ ಮರಕ್ಕೆ ಆಸೆ ಉಂಟು. ಬೇರು ಮುದಿಯಾಗಿ ಮೋಟು ಮಣ್ಣಿನಲ್ಲಿ ಸತ್ತಂತಿದ್ದರೂ ನೀರಿನ ವಾಸನೆ ಬಡಿದರೆ ಚಿಗುರುತ್ತದೆ. ಸಮಾಧಿಯ ಬಳಿ ಈ ಮಾತನ್ನು ಪುನರುತ್ಥಾನಕ್ಕೆ ಗುರುತಾಗಿ ಹೇಳಿದ್ದನ್ನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಆದರೆ ಅಲ್ಲಿ ಯೋಬ ಹೇಳುವುದು ಪೂರ್ತಿ ತಿರುಗುಮುರುಗು: ಮರಕ್ಕಿರುವ ಆಸೆ ಮನುಷ್ಯನಿಗಿಲ್ಲ, ಅವನು ಮಲಗಿದರೆ ಏಳುವುದಿಲ್ಲ. ಅರ್ಧ ಓದಿ ನಿಲ್ಲಿಸಿದರೆ ಸಮಾಧಾನ, ಪೂರ್ತಿ ಓದಿದರೆ ಸಂಕಟ. ಈಸ್ಟರ್ ಭಾನುವಾರವನ್ನು ನಾನೂ ನಂಬುತ್ತೇನೆ. ಆದರೆ ಶುಕ್ರವಾರದ ಮನೆಯಲ್ಲಿ ನಿಂತು ಭಾನುವಾರದ ಹೂ ಮುಡಿಸಲು ಹೋಗಬಾರದು. ಆಲಿವ್ ಮರದ ಮೋಟಿನ ಸುತ್ತ ಚಿಗುರು ಏಳುವುದನ್ನು ಯೋಬ ಕಣ್ಣಾರೆ ಕಂಡಿರಬೇಕು. ಅವನ ಮಕ್ಕಳ ಸಮಾಧಿಯ ಸುತ್ತ ಏನೂ ಏಳಲಿಲ್ಲ. ಪ್ರಕೃತಿ ಅವನನ್ನು ಸಂತೈಸಲಿಲ್ಲ, ಅಣಕಿಸಿತು. ಬೈಬಲ್ಲು ಅದನ್ನು ಮುಚ್ಚಿಡದೆ ಬರೆದಿಟ್ಟಿದೆ. ದುಃಖದಲ್ಲಿರುವವರಿಗೆ ಆ ಪುಟವೂ ಸಿಗಬೇಕು.

ಬೈಬಲ್ಲಿನ ಇನ್ನೊಬ್ಬ ಜ್ಞಾನಿ ಪ್ರಸಂಗಿಯ ಕುರಿತು ಇಲ್ಲಿ ಸ್ವಲ್ಪವೇ ಹೇಳುತ್ತೇನೆ. ಅವನದು ಬೇರೆಯೇ ಲೇಖನಕ್ಕೆ ಆಗುವಷ್ಟಿದೆ. ಕನ್ನಡದಲ್ಲಿ ‘ವ್ಯರ್ಥ’ ಎಂದು ಬಂದಿರುವ ಅವನ ಪದ ಹೀಬ್ರೂವಿನಲ್ಲಿ ‘ಹೆವೆಲ್’, ಅಂದರೆ ಬಾಯಿಂದ ಹೊರಟ ಆವಿ, ಉಸಿರು. ಕಾಯಿನನ ತಮ್ಮ ಹೇಬೆಲನ ಹೆಸರೂ ಅದೇ. ಚಳಿಯ ಬೆಳಗ್ಗೆ ಬಾಯಿಂದ ಹೊಗೆಯಾಡಿದ ಉಸಿರು ವ್ಯರ್ಥವೇ? ಅದಿಲ್ಲದೆ ಬದುಕಿಲ್ಲ, ಆದರೆ ಹಿಡಿದಿಡಲು ಹೋದರೆ ಕೈ ಒದ್ದೆಯೂ ಆಗುವುದಿಲ್ಲ. ‘ವ್ಯರ್ಥ’ ಎಂದಾಗ ಪ್ರಸಂಗಿ ಜಿಗುಪ್ಸೆಯ ಸನ್ಯಾಸಿಯಂತೆ ಕೇಳಿಸುತ್ತಾನೆ, ‘ಉಸಿರು’ ಎಂದು ಓದಿಕೊಂಡರೆ ಎದುರು ಕೂತು ಬೆಚ್ಚಗೆ ಮಾತಾಡುವ ಮುದುಕನಾಗುತ್ತಾನೆ. ಗಾಳಿಯನ್ನೇ ನೋಡುತ್ತ ಕೂತವನು ಬಿತ್ತುವುದಿಲ್ಲ ಎಂಬ ಅವನ ಮಾತು ದೊಡ್ಡಪ್ಪನಿಗೆ ಒಗಟಾಗಿತ್ತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಲ್ಲಿ ಬೆಳೆದವರು ಅವರು, ಕೂರಿಗೆಯಲ್ಲಿ ಬಿತ್ತುವವರು. ಬೀಜ ನೇರ ಮಣ್ಣಿನೊಳಗೆ ಇಳಿಯುವಾಗ ಗಾಳಿಯ ಗೊಡವೆ ಯಾಕೆ? ಅಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು, ಗಾಳಿ ಬೀಸಿದರೆ ಬೀಜ ದಾರಿಗೆ, ಮುಳ್ಳಿಗೆ ಹಾರುತ್ತಿತ್ತು ಎಂದು ಹೇಳಿದ ಮೇಲೆ ತಲೆಯಾಡಿಸಿದರು. ಕಣದಲ್ಲಿ ಗಾಳಿ ಬೇಕು, ಬಿತ್ತನೆಯಲ್ಲಿ ಗಾಳಿಗೆ ಹೆದರಬಾರದು. ಗಾದೆಯೂ ಸರಿ, ಪ್ರಸಂಗಿಯೂ ಸರಿ, ತಿಂಗಳು ನೋಡಿ ಹೇಳಬೇಕು.

ಯೋಬನ ಪುಸ್ತಕದ ಕೊನೆಗೆ ಬಿರುಗಾಳಿಯೊಳಗಿಂದ ದೇವರು ಮಾತಾಡುತ್ತಾರೆ. ಹಿಂದೊಮ್ಮೆ, ಸ್ನೇಹಿತರ ಉಪದೇಶದಿಂದ ರೋಸಿದ ಯೋಬ, ಹೋಗಿ ಮೃಗಗಳನ್ನು ಕೇಳಿ, ಅವೇ ನಿಮಗೆ ಹೇಳಿಕೊಡುತ್ತವೆ ಎಂದು ಅಂದಿದ್ದ. ಆ ಸಿಟ್ಟಿನ ಮಾತನ್ನು ದೇವರು ಅಕ್ಷರಶಃ ನಡೆಸಿಕೊಡುತ್ತಾರೆ. ಮೃಗಗಳ ಮೆರವಣಿಗೆಯೇ ಬರುತ್ತದೆ: ಹಸಿದ ಸಿಂಹದ ಮರಿಗಳು, ಕೂಗುವ ಕಾಗೆಮರಿಗಳು, ಬಂಡೆಗಳ ನಡುವೆ ಈಯುವ ಕಾಡಾಡು, ಪಟ್ಟಣದ ಗದ್ದಲ ಕಂಡು ನಗುವ ಕಾಡುಕತ್ತೆ, ಗೋದಲಿಯಲ್ಲಿ ರಾತ್ರಿ ಕಳೆಯಲು ಒಪ್ಪದ ಕಾಡುಕೋಣ, ಯುದ್ಧದ ಕುದುರೆ, ಗಿಡುಗ, ಹದ್ದು. ನಡುವೆ ಉಷ್ಟ್ರಪಕ್ಷಿ. ಮೊಟ್ಟೆಗಳನ್ನು ನೆಲದ ಮೇಲೆ ಬಿಟ್ಟು, ಯಾರ ಕಾಲಾದರೂ ತುಳಿದೀತು ಎಂಬುದನ್ನೇ ಮರೆತು ತಿರುಗುವ ಹಕ್ಕಿ. ಅದಕ್ಕೆ ಜ್ಞಾನವನ್ನು ಕೊಡದೆ ಇಟ್ಟವರು ದೇವರೇ ಎಂದು ಪುಸ್ತಕ ಹೇಳುತ್ತದೆ. ಆದರೆ ರೆಕ್ಕೆ ಬಡಿದು ಓಡಿತೆಂದರೆ ಕುದುರೆಯನ್ನೂ ಸವಾರನನ್ನೂ ನೋಡಿ ನಗುತ್ತದೆ.

ಜ್ಞಾನದ ಪುಸ್ತಕದಲ್ಲಿ ಜ್ಞಾನವಿಲ್ಲದ ಹಕ್ಕಿಗೆ ಇಷ್ಟು ಜಾಗ ಯಾಕೆ? ಇರುವೆಯಿಂದ ದುಡಿಮೆ ಕಲಿತೆವು. ಉಷ್ಟ್ರಪಕ್ಷಿಯಿಂದ ಏನು ಕಲಿಯಬೇಕು? ಆರನೆಯ ಶತಮಾನದಲ್ಲಿ ಪೋಪ್ ಮಹಾ ಗ್ರೆಗರಿ ಯೋಬನ ಮೇಲೆ 35 ಭಾಗಗಳ ವ್ಯಾಖ್ಯಾನ ಬರೆದು ಉಷ್ಟ್ರಪಕ್ಷಿಯನ್ನು ಕಪಟಿಗಳ ಗುರುತಾಗಿ ಮಾಡಿದರು: ರೆಕ್ಕೆಯಿದೆ, ಹಾರುವುದಿಲ್ಲ. ಅವರ ಪಾಂಡಿತ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಹಾಗೆ ಓದಿದ ತಕ್ಷಣ ಹಕ್ಕಿ ಓಡುವುದು ನಿಲ್ಲುತ್ತದೆ, ಪೀಠದ ಮುಂದೆ ಕಟ್ಟಿಹಾಕಿದ ಹಾಗಾಗುತ್ತದೆ. ಬಿರುಗಾಳಿಯ ಮಾತಿನಲ್ಲಿ ಅದು ಯಾರ ಗುರುತೂ ಅಲ್ಲ. ತನ್ನ ಪಾಡಿಗೆ ತಾನಿದೆ, ದೇವರಿಗೆ ಅದನ್ನು ನೋಡುವುದು ಖುಷಿ.

ಆ ಮಾತಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಪ್ರಾಣಿಗಳಿಗಿಂತ ಮೊದಲು ಬರುವ ಒಂದು ಮಳೆ. ಮನುಷ್ಯರೇ ಇಲ್ಲದ ನೆಲದ ಮೇಲೆ, ಯಾರೂ ವಾಸಿಸದ ಕಾಡಿನ ಮೇಲೆ ಮಳೆ ಸುರಿಸಿ, ಹಾಳುಭೂಮಿಯನ್ನು ತಣಿಸಿ, ಹುಲ್ಲು ಮೊಳೆಸುವವರು ಯಾರು ಎಂದು ದೇವರು ಕೇಳುತ್ತಾರೆ. ಧರ್ಮೋಪದೇಶಕಾಂಡದಲ್ಲಿ ಮಳೆಯೆಂದರೆ ವಿಧೇಯತೆಗೆ ಸಿಗುವ ಕೂಲಿ: ಆಜ್ಞೆ ಪಾಲಿಸಿದರೆ ಮುಂಗಾರು ಹಿಂಗಾರು, ಇಲ್ಲದಿದ್ದರೆ ಆಕಾಶಕ್ಕೆ ಬೀಗ. ಯೇಸು ಬೆಟ್ಟದ ಮೇಲೆ ಕೂತು ಆ ಲೆಕ್ಕವನ್ನು ಸಡಿಲಿಸಿದರು. ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಬೀಳುತ್ತದೆ ಎಂದರು. ಯೋಬನಿಗೆ ಕೇಳಿಸಿದ್ದು ಅದಕ್ಕೂ ಆಚೆಯದು. ಯಾರೂ ಇಲ್ಲ, ಆದರೂ ಮಳೆ. ಪುಣ್ಯವಂತನಿಲ್ಲ, ಪಾಪಿಯಿಲ್ಲ, ಬೇಡಿದವರಿಲ್ಲ, ಸ್ತುತಿಸುವವರೂ ಇಲ್ಲ. ಬೆಳೆಗೆ ಲಾಭವಿಲ್ಲದ ಈ ಮಳೆಯನ್ನು ರೈತನ ಬುದ್ಧಿ ‘ದಂಡ’ ಎನ್ನುತ್ತದೆ. ದೇವರು ಅದನ್ನೇ ಮುಂದಿಟ್ಟು ಮಾತಾಡುತ್ತಾರೆ.

ಹರೆಯದಲ್ಲಿ ಈ ಅಧ್ಯಾಯಗಳನ್ನು ಓದಿ ನನಗೆ ಸಿಟ್ಟು ಬಂದಿತ್ತು. ಹತ್ತು ಮಕ್ಕಳನ್ನು ಕಳೆದುಕೊಂಡವನ ಮುಂದೆ ಮೃಗಾಲಯ ತೋರಿಸುವುದು ಯಾವ ಸೀಮೆಯ ಉತ್ತರ? ಇವತ್ತಿಗೂ ಆ ಸಿಟ್ಟು ಪೂರ್ತಿ ಇಳಿದಿದೆ ಎನ್ನಲಾರೆ. ಆದರೆ ಒಂದು ಸಂಗತಿ ಆಗ ಕಂಡಿರಲಿಲ್ಲ. ಮೂವತ್ತಕ್ಕೂ ಹೆಚ್ಚು ಅಧ್ಯಾಯ ಎಲ್ಲರೂ ಮಾತಾಡುವುದು ಯೋಬನ ಪಾಪ ಎಷ್ಟು ಎಂಬುದನ್ನೇ. ಲೋಕವೇ ಒಂದು ಬೂದಿಗುಡ್ಡೆಯಷ್ಟಕ್ಕೆ ಕುಗ್ಗಿಹೋಗಿರುತ್ತದೆ. ಬಿರುಗಾಳಿಯ ಮಾತಿನಲ್ಲಿ ಯೋಬನಿಗೆ ಗದರಿಕೆ ಉಂಟು, ಆದರೆ ಅವನು ಮಾಡಿದ ಪಾಪ ಇಂಥದ್ದು, ಅದಕ್ಕೆ ಈ ಶಿಕ್ಷೆ ಎಂಬ ಮಾತು ಒಂದೂ ಇಲ್ಲ. ಆರೋಪಪಟ್ಟಿಯೇ ಇಲ್ಲ! ಮಳೆ ಯಾರಿಗೂ ಕೂಲಿಯಲ್ಲವಾದರೆ, ಬರ ಯಾರಿಗೂ ದಂಡನೆಯಾಗಬೇಕಾಗಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ “ಯಾವ ತಪ್ಪಿಗೆ ನನಗೆ ಹೀಗಾಯಿತು” ಎಂದು ರಾತ್ರಿಯಿಡೀ ಲೆಕ್ಕ ಹಾಕುವವರನ್ನು ಕಂಡಾಗಲೆಲ್ಲ ಆ ಕಾಡುಮಳೆ ನೆನಪಾಗುತ್ತದೆ. ಅವರಿಗೆ ಅದನ್ನು ಹೇಳುವ ಧೈರ್ಯ ನನಗೆ ಎಂದೋ ಒಮ್ಮೊಮ್ಮೆ ಬಂದಿದೆ, ಅಷ್ಟೆ.

ಇನ್ನು ಕಾಗೆ. ಯೇಸು ಹೇಳಿದ ಕಾಗೆ ನಮ್ಮ ಮನೆಮುಂದಿನದಕ್ಕಿಂತ ದೊಡ್ಡ ಜಾತಿಯದು, ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅಶುದ್ಧ ಪಕ್ಷಿ. ಪಾರಿವಾಳವನ್ನೋ ಬೆಳವವನ್ನೋ ಹೇಳಬಹುದಿತ್ತು, ಹೇಳಲಿಲ್ಲ. ಕಾಗೆಯ ಮರಿಗಳಿಗೆ ಆಹಾರ ಒದಗಿಸುವವರು ಯಾರು ಎಂಬ ಪ್ರಶ್ನೆ ಬಿರುಗಾಳಿಯ ಮಾತಿನಲ್ಲೇ ಇದೆ. ಯೇಸುವಿನ ಕಾಗೆ ಅಲ್ಲಿಂದಲೇ ಹಾರಿಬಂದದ್ದು ಎಂದು ನನಗೆ ತೋರುತ್ತದೆ. ಪಕ್ಷಿಗಳನ್ನು ಬಲ್ಲವರು ನಗಬಹುದು, ಕಾಗೆಯ ಜಾತಿ ಮಿಕ್ಕ ತಿನಿಸನ್ನು ಹೂತಿಡುವುದುಂಟು. ಇರಲಿ, ಅದು ಕಣಜವಾಗುವುದಿಲ್ಲ. ಕಾಗೆಯಲ್ಲಿ ಬಳಗವನ್ನು ಕರೆದು ತಿನ್ನುವ ಗುಣ ಕಂಡವರು ಬಸವಣ್ಣ. ಯೇಸು ಕಂಡದ್ದು ಅದನ್ನು ಸಾಕುವ ಕೈಯನ್ನು. ಆ ಬೆನ್ನಿಗೇ ಹೊಲದ ಹೂಗಳ ಮಾತು. ಇಂದು ಅರಳಿ ನಾಳೆ ರೊಟ್ಟಿಯ ಒಲೆಗೆ ಉರುವಲಾಗುವ ಹೂವಿನಷ್ಟು ಅಂದವಾಗಿ ಸೊಲೊಮೋನನೂ ಉಡಲಿಲ್ಲ ಎನ್ನುತ್ತಾರೆ. ಲೆಬನೋನಿನ ದೇವದಾರುವಿನಿಂದ ಗೋಡೆಯ ಸಂದಿಯ ಗಿಡದವರೆಗೆ ಎಲ್ಲ ಮರಗಿಡಗಳ ಬಗ್ಗೆ ಮಾತಾಡಿದ, ಮೂರು ಸಾವಿರ ಗಾದೆ ಹೇಳಿದ ಎಂದು ಖ್ಯಾತನಾದ ಅದೇ ಸೊಲೊಮೋನ. ಗಿಡಗಳ ಬಗ್ಗೆ ಪ್ರವಚನ ಕೊಟ್ಟವನನ್ನು ಒಂದು ಗಿಡದ ಪಕ್ಕ ನಿಲ್ಲಿಸಿ ಅಳೆದರು.

ಹಾಗಾದರೆ ಇರುವೆಯ ಗತಿ? ಲೂಕನಲ್ಲಿ ಕಾಗೆಯ ಮಾತಿಗೆ ಸ್ವಲ್ಪ ಮುಂಚೆ ಒಬ್ಬ ಐಶ್ವರ್ಯವಂತನ ಸಾಮ್ಯವಿದೆ. ಹೊಲ ಚೆನ್ನಾಗಿ ಬೆಳೆಯಿತು, ಹಳೆಯ ಕಣಜ ಕೆಡವಿ ದೊಡ್ಡದು ಕಟ್ಟುತ್ತೇನೆ ಎಂದ, ಆ ರಾತ್ರಿಯೇ ಸತ್ತ. ಅವನು ಇರುವೆಯ ಪಾಠವನ್ನು ಚಾಚೂ ತಪ್ಪದೆ ಕಲಿತವನು. ಜ್ಞಾನೋಕ್ತಿಯ ಇರುವೆ ಬಂದದ್ದು ಸುಗ್ಗಿಯ ಹೊತ್ತಿನಲ್ಲಿ ಮಲಗಿರುವ ಹುಡುಗನ ಬಳಿಗೆ. ಕಾಗೆ ಬಂದದ್ದು ನಾಳೆಯ ಚಿಂತೆಯಲ್ಲಿ ನಿದ್ದೆಗೆಟ್ಟವರ ಬಳಿಗೆ. ಮೂಢನಿಗೆ ಉತ್ತರ ಕೊಡಬೇಡ ಎಂಬ ಒಂದು ವಚನವನ್ನು, ಉತ್ತರ ಕೊಡು ಎಂಬ ಮರುವಚನವನ್ನು ಅಕ್ಕಪಕ್ಕ ಇಟ್ಟ ಪುಸ್ತಕ ಜ್ಞಾನೋಕ್ತಿಗಳದು. ಯಾವುದನ್ನು ಯಾರಿಗೆ ಎಂದು ಆರಿಸುವ ಕೆಲಸ ಓದುವವನ ಪಾಲಿಗೆ ಬಿಟ್ಟಿದೆ. ಆ ಆಯ್ಕೆಯಲ್ಲೇ ನಾವು ಜಾರುವುದು. ಬೆಳಗಿನಿಂದ ಬೈಗಿನವರೆಗೆ ಕಳೆ ಕಿತ್ತು ಬಂದ ಕೂಲಿಯವಳಿಗೆ ಇರುವೆಯ ಪ್ರಸಂಗ ಮಾಡುತ್ತೇವೆ; ಮಗುವಿಗೆ ಔಷಧಿ ತರಲು ದುಡ್ಡಿಲ್ಲದವನಿಗೆ ಕಾಗೆಯನ್ನು ತೋರಿಸಿ ಚಿಂತೆ ಮಾಡಬೇಡಪ್ಪ ಎನ್ನುತ್ತೇವೆ. ಮುಂದಿನ ಬೆಂಚಿನಲ್ಲಿ ಕೂತ, ಮೂರು ಸೈಟು ಮಾಡಿ ನಾಲ್ಕನೆಯದಕ್ಕೆ ಮುಂಗಡ ಕೊಟ್ಟವರಿಗೆ ಮಾತ್ರ ಯಾವ ಪ್ರಾಣಿಯನ್ನೂ ತೋರಿಸುವುದಿಲ್ಲ. ಕಾಗೆ ಅವರ ಮನೆಯ ಮುಂದೆ ಕೂಗಬೇಕಿತ್ತು.

ದೊಡ್ಡಪ್ಪ ಕಡೆಯ ಮಳೆಗಾಲದಲ್ಲಿ ಹಾಸಿಗೆ ಹಿಡಿದಿದ್ದರು. ಸಂಜೆ ಹೋಗಿ ಓದಿ ಹೇಳುತ್ತಿದ್ದೆ. ಇಪ್ಪತ್ಮೂರನೆಯ ಕೀರ್ತನೆ ತೆಗೆದರೆ, ಅದು ಬಾಯಿಪಾಠ ಐತಿ, ಬ್ಯಾರೆ ಏನರ ಓದು ಎಂದರು. ಯೋಬನ ಕೊನೆಯ ಅಧ್ಯಾಯಗಳಿಗೆ ಬಂದೆ. ಕಾಡುಕೋಣ ನಿನ್ನ ನೇಗಿಲ ಸಾಲಿನಲ್ಲಿ ನಡೆದೀತೇ ಎಂಬ ಪ್ರಶ್ನೆ ಬಂದಾಗ ಕೆಮ್ಮಿನ ನಡುವೆಯೂ ನಕ್ಕರು. ಹುಡುಗನಾಗಿದ್ದಾಗ ಒಂದು ಹೋರಿಯನ್ನು ನೊಗಕ್ಕೆ ಹೂಡಲು ಹೋಗಿ ಬೇಲಿಯ ಮೇಲೆ ಬಿದ್ದದ್ದನ್ನು ಹೇಳಿದರು. ಮತ್ತೆ ಹಿಂದಕ್ಕೆ ಹೋಗಿ ಕಾಡಾಡುಗಳ ಭಾಗವನ್ನು ಇನ್ನೊಮ್ಮೆ ಓದಿಸಿದರು. ಅವು ಈಯುವ ಕಾಲ ನಿನಗೆ ಗೊತ್ತೇ, ಅವು ಗಬ್ಬವಾಗಿರುವ ತಿಂಗಳುಗಳನ್ನು ಎಣಿಸಿದ್ದೀಯಾ ಎಂದು ದೇವರು ಕೇಳುವ ಭಾಗ. ದೊಡ್ಡಪ್ಪ ಹೊದಿಕೆಯಿಂದ ಕೈ ಹೊರತೆಗೆದು ಬೆರಳು ಮಡಿಚಿದರು.

“ನಮ್ಮ ಆಡು ಐದ ತಿಂಗಳಿಗೆ ಈಯ್ತಾವ” ಎಂದರು. ಸ್ವಲ್ಪ ಹೊತ್ತು ಬೆರಳನ್ನೇ ನೋಡಿದರು. “ಆ ಕಾಡಾಡಿಂದು ನನಗೇನ ಗೊತ್ತು? ಮುಂದ ಓದು.”